ಊರು ಬದಲಿಸಿದರೆ ಒತ್ತಡ ಇಳಿದೀತೇ? ಬೆಂಗಳೂರಿನಿಂದ ತೀರ್ಥಹಳ್ಳಿಗೆ ಮರಳುವ ಯೋಚನೆ

ಪ್ರಶ್ನೆ: ತುಂಗಾತೀರ

ಹನ್ನೆರಡು ವರ್ಷಗಳಿಂದ ಬೆಂಗಳೂರಿನಲ್ಲಿದ್ದೇನೆ. ಮನೆ ನಾಗರಭಾವಿಯಲ್ಲಿ, ಕಚೇರಿ ಸರ್ಜಾಪುರ ರಸ್ತೆಯಲ್ಲಿ. ಕಚೇರಿಗೆ ಹೋಗುವ ದಿನಗಳಲ್ಲಿ ಸುಮಾರು ನಾಲ್ಕು ಗಂಟೆ ರಸ್ತೆಯಲ್ಲೇ ಕಳೆದುಹೋಗುತ್ತದೆ. ಮನೆ ಸೇರುವ ಹೊತ್ತಿಗೆ ಮಗಳು ಮಲಗಿರುತ್ತಾಳೆ. ಎರಡು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ತೀರ್ಥಹಳ್ಳಿಯ ಹತ್ತಿರ ನಮಗೆ ಎರಡು ಎಕರೆ ಅಡಿಕೆ ತೋಟವಿದೆ, ಅಪ್ಪ ಅಮ್ಮ ಅಲ್ಲಿಯೇ ಇದ್ದಾರೆ. ದಸರಾ ರಜೆಗೆ ಅಲ್ಲಿಗೆ ಹೋದರೆ ಎರಡನೆಯ ರಾತ್ರಿಯಿಂದಲೇ ಗಾಢವಾಗಿ ನಿದ್ದೆ ಬರುತ್ತದೆ, ಯಾರ ಮೇಲೂ ರೇಗುವುದಿಲ್ಲ. ಸಂಬಳದಲ್ಲಿ ಸ್ವಲ್ಪ ಕಡಿತ ಒಪ್ಪಿದರೆ ಊರಿನಿಂದಲೇ ಕೆಲಸ ಮಾಡಬಹುದೆಂದು ಸಂಸ್ಥೆಯವರು ಈಗ ಹೇಳಿರುವುದರಿಂದ ಮರಳುವ ಆಸೆ ಬಲವಾಗಿದೆ. ನನ್ನ ಪತ್ನಿ ಮಾತ್ರ "ನಾಲ್ಕು ದಿನದ ನೆಂಟನಿಗೆ ಎಲ್ಲ ಊರೂ ಚೆಂದ" ಎನ್ನುತ್ತಾಳೆ. ಮನುಷ್ಯನ ಒತ್ತಡಕ್ಕೆ ಅವನಿರುವ ಊರು ನಿಜವಾಗಿ ಎಷ್ಟು ಕಾರಣ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಹೊನ್ನೆಮರ

ನಿಮ್ಮ ಪತ್ನಿಯವರ ಮಾತನ್ನು ಸಂಶೋಧಕರೂ ಪರೀಕ್ಷಿಸಿ ನೋಡಿದ್ದಾರೆ. ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನಮನ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಳಿಗೆ ಹೆಸರಾದ ಅಮೆರಿಕದ ಮಧ್ಯಪಶ್ಚಿಮದ ವಿದ್ಯಾರ್ಥಿಗಳನ್ನೂ ಬಿಸಿಲಿನ ದಕ್ಷಿಣ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಪ್ರಶ್ನಿಸಿದಾಗ, ಕ್ಯಾಲಿಫೋರ್ನಿಯಾದವರೇ ಹೆಚ್ಚು ಸುಖಿಗಳಿರಬೇಕೆಂದು ಎರಡೂ ಕಡೆಯವರು ಊಹಿಸಿದರು. ಆದರೆ ತಮ್ಮ ಬದುಕಿನ ಬಗ್ಗೆ ಅವರವರು ಹೇಳಿಕೊಂಡ ತೃಪ್ತಿಯಲ್ಲಿ ಅಂತಹ ವ್ಯತ್ಯಾಸವೇ ಇರಲಿಲ್ಲ. ಬೇರೆ ಊರನ್ನು ಕಲ್ಪಿಸಿಕೊಳ್ಳುವಾಗ ನಾವು ಅದರ ಎದ್ದುಕಾಣುವ ಒಂದು ಗುಣವನ್ನಷ್ಟೇ ತೂಗುತ್ತೇವೆ, ಅಲ್ಲಿಯೂ ಬಂದೇ ಬರುವ ಸೋಮವಾರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹಾಗೆಂದು ಊರಿನ ಪಾತ್ರವೇ ಇಲ್ಲವೆನ್ನಲಾಗದು. ಜರ್ಮನಿಯಲ್ಲಿ ನಡೆದು 2011ರಲ್ಲಿ ಪ್ರಕಟವಾದ ಮಿದುಳಿನ ಚಿತ್ರಣದ ಪ್ರಯೋಗದಲ್ಲಿ, ಕಠಿಣ ಲೆಕ್ಕಗಳನ್ನು ಕೊಟ್ಟು ಟೀಕಿಸುತ್ತ ಒತ್ತಡ ಹೇರಿದಾಗ, ಭಯಕ್ಕೆ ಸ್ಪಂದಿಸುವ ಅಮಿಗ್ಡಾಲ ಎಂಬ ಭಾಗವು ನಗರವಾಸಿಗಳಲ್ಲಿ ಹೆಚ್ಚು ಚಟುವಟಿಕೆ ತೋರಿತು. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಮಾನಸಿಕ ಸಮಸ್ಯೆಯಿರುವವರ ಪ್ರಮಾಣವನ್ನು ಮಹಾನಗರಗಳಲ್ಲಿ ಶೇ. 14.7, ಗ್ರಾಮೀಣ ಭಾಗದಲ್ಲಿ ಶೇ. 6.9 ಎಂದು ಗುರುತಿಸಿತು. ಆದರೆ ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ನಗರವೇ ಕಾಯಿಲೆ ತಂದಿತೆಂದೂ ಆ ಅಂಕಿಗಳು ಹೇಳುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ನೀವು "ಬೆಂಗಳೂರು" ಎಂದು ಕರೆಯುತ್ತಿರುವುದು ಬಹುಮಟ್ಟಿಗೆ ಆ ನಾಲ್ಕು ಗಂಟೆಯನ್ನು. ವಾಹನ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದಂತೆ ಈ ನಗರದಲ್ಲಿ 10 ಕಿ.ಮೀ. ಸಾಗಲು ಸರಾಸರಿ 28 ನಿಮಿಷಕ್ಕೂ ಹೆಚ್ಚು ಬೇಕಾಗಿತ್ತು. ಪ್ರಯಾಣ ದೀರ್ಘವಾದಷ್ಟೂ ಜನರ ಸಂತೃಪ್ತಿ ಕುಗ್ಗುತ್ತದೆ, ಒಳ್ಳೆಯ ಮನೆಯಾಗಲಿ ಸಂಬಳವಾಗಲಿ ಆ ನಷ್ಟವನ್ನು ಪೂರ್ತಿ ತುಂಬಿಕೊಡುವುದಿಲ್ಲ ಎಂಬುದನ್ನು ಅರ್ಥಶಾಸ್ತ್ರಜ್ಞರಾದ ಸ್ಟುಟ್ಸರ್ ಮತ್ತು ಫ್ರೈ ಜರ್ಮನಿಯ ಸಮೀಕ್ಷೆಗಳಿಂದ ತೋರಿಸಿದ್ದಾರೆ. ಊರು ಬಿಡುವ ಮೊದಲು, ಕಚೇರಿಯ ಸಮೀಪದ ಒಳರಸ್ತೆಯೊಂದರಲ್ಲಿ ಬಾಡಿಗೆ ಮನೆ ಹಿಡಿದು ಆರು ತಿಂಗಳು ನೋಡಬಹುದಲ್ಲವೇ? ಬಾಡಿಗೆ ಹೆಚ್ಚಾದರೂ ಸಂಬಳ ಕಡಿತಕ್ಕಿಂತ ಕಡಿಮೆಯೇ ಇದ್ದೀತು. ಮನೆ ಮುಖ್ಯರಸ್ತೆಯ ಮೇಲಿರದಂತೆ ನೋಡಿಕೊಳ್ಳಿ. ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬೆಲ್‌ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆಯಾದರೂ ಹಾರ್ನ್‌ಗಳಿಗೆ ಅದು ಗೊತ್ತಿಲ್ಲ; ನಾವು ಎಚ್ಚರಗೊಳ್ಳದಿದ್ದಾಗಲೂ ಸದ್ದಿಗೆ ಹೃದಯದ ಬಡಿತ ಏರುತ್ತದೆ.

ಉತ್ತರ 2: ಮಳೆಗಾಲದ ಸೊಸೆ

ನಾಲ್ಕು ವರ್ಷಗಳ ಹಿಂದೆ ನಾವು ಇದೇ ಕಾರಣಗಳಿಗಾಗಿ ಸಾಗರ ತಾಲ್ಲೂಕಿಗೆ ಮರಳಿದೆವು. ನೀವು ಮಾಡಿರುವ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ: ಮಲೆನಾಡನ್ನು ದಸರೆಯಲ್ಲಿ ನೋಡಿ ತೀರ್ಮಾನಿಸಬಾರದು, ಆಷಾಢದಲ್ಲಿ ನೋಡಬೇಕು. ಬಿಟ್ಟೂಬಿಡದೆ ಮಳೆ ಸುರಿಯುವ ವಾರದಲ್ಲಿ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದೆ, ಇನ್ವರ್ಟರ್ ಖಾಲಿಯಾಗಿ, ಮೀಟಿಂಗ್‌ಗೆ ಹತ್ತು ನಿಮಿಷವಿರುವಾಗ ನೆಟ್‌ವರ್ಕ್ ಹುಡುಕುತ್ತ ಗುಡ್ಡ ಹತ್ತುವವನ ರಕ್ತದೊತ್ತಡವನ್ನು ಯಾರೂ ಅಳೆದಂತಿಲ್ಲ. ಅಡಿಕೆಗೆ ಕೊಳೆ ರೋಗ ಬಾರದಂತೆ ಬೋರ್ಡೋ ದ್ರಾವಣ ಸಿಂಪಡಿಸಬೇಕು, ಅದಕ್ಕೆ ಮಳೆ ಬಿಡುವು ಕೊಡಬೇಕು. ಬಿಡುವು ಸಿಕ್ಕ ದಿನ ಮರ ಹತ್ತುವ ಕೊನೆಗಾರ ಸಿಗಬೇಕು. ಎಲೆಚುಕ್ಕಿ ರೋಗ ಬಂದ ಮೇಲಂತೂ ನಮ್ಮ ಮಾವನವರು ರಾತ್ರಿ ಎದ್ದು ಕೂರುತ್ತಾರೆ. ನೀವು ರಜೆಗೆ ಹೋದಾಗ ಅದೇ ಸೂರಿನಡಿ ಆ ಒತ್ತಡವನ್ನು ಹೊತ್ತವರು ನಿಮ್ಮ ತಂದೆ, ಆದ್ದರಿಂದ ನಿಮಗೆ ನಿದ್ದೆ ಬಂದಿತು.

ಎರಡನೆಯದು, ಒಂದೇ ಮನೆಯಲ್ಲಿದ್ದರೂ ಎಲ್ಲರೂ ಒಂದೇ ಊರಿನಲ್ಲಿ ಬದುಕುವುದಿಲ್ಲ. ನನ್ನ ಯಜಮಾನರು ಬಾಲ್ಯದ ಗೆಳೆಯರಿದ್ದ ಊರಿಗೆ ಮರಳಿದರು, ನಾನು ಅತ್ತೆಯ ಮನೆಗೆ ಬಂದೆ. ಬೆಂಗಳೂರಿನಲ್ಲಿ ನನ್ನನ್ನು ಯಾರೂ ಗಮನಿಸುತ್ತಿರಲಿಲ್ಲ, ಅದೊಂದು ಸುಖವೆಂದು ಇಲ್ಲಿಗೆ ಬಂದ ಮೇಲೆ ತಿಳಿಯಿತು. ಮೊದಲ ವರ್ಷ ಎದುರಾದವರೆಲ್ಲ ಕೇಳಿದ್ದು ಒಂದೇ: "ಏನು, ಕೆಲಸ ಹೋಯಿತಾ?" ನಿಧಾನವಾಗಿ ಅದು ಸರಿಯಾಯಿತು. ಕಳೆದ ವರ್ಷ ನನಗೆ ಶಸ್ತ್ರಚಿಕಿತ್ಸೆಯಾದಾಗ ಹದಿನೈದು ದಿನ ನಮ್ಮ ಮನೆಗೆ ಸಾರು ಪಲ್ಯ ಬಂದದ್ದು ಮೂರು ಮನೆಗಳಿಂದ; ಅಪಾರ್ಟ್‌ಮೆಂಟಿನಲ್ಲಿದ್ದ ಏಳು ವರ್ಷಗಳಲ್ಲಿ ಎದುರು ಬಾಗಿಲಿನವರ ಹೆಸರೂ ನನಗೆ ತಿಳಿದಿರಲಿಲ್ಲ. ಒಟ್ಟಿನಲ್ಲಿ ನಾನು ಸುಖವಾಗಿದ್ದೇನೆಯೇ ಎಂದರೆ ಹೌದು, ಆದರೆ ಹೌದೆನ್ನಲು ಮೂರು ಮಳೆಗಾಲ ಬೇಕಾಯಿತು. ನಿಮ್ಮ ಪತ್ನಿಯವರಿಗೆ ಅಲ್ಲಿ ಅವರದೇ ಆದ ಕೆಲಸ, ಅವರದೇ ಆದ ಓಡಾಟ ಏನಿರುತ್ತದೆ ಎಂಬುದನ್ನು ನಿಮ್ಮ ಪ್ರಶ್ನೆಯಲ್ಲಿ ಎಲ್ಲಿಯೂ ಬರೆದಿಲ್ಲ.

ಉತ್ತರ 3: ಉತ್ತರದ ಚಳಿ

ನಾನಿರುವುದು ಫಿನ್ಲೆಂಡಿನ ಟಾಂಪೆರೆಯಲ್ಲಿ, ಮೂಲತಃ ದಾವಣಗೆರೆಯವನು. 2018ರಿಂದ ಪ್ರತಿವರ್ಷ ವಿಶ್ವ ಸಂತೋಷ ವರದಿಯಲ್ಲಿ ಮೊದಲ ಸ್ಥಾನ ಪಡೆಯುತ್ತಿರುವ ಈ ದೇಶದಲ್ಲಿ ಡಿಸೆಂಬರಿನ ಹಗಲು ಆರು ಗಂಟೆಯೂ ಇರುವುದಿಲ್ಲ. ಬಂದ ಮೊದಲ ಚಳಿಗಾಲದಲ್ಲಿ ನನಗೆ ಹಾಸಿಗೆಯಿಂದ ಏಳುವುದೇ ಕಷ್ಟವಾಗಿತ್ತು. ಆ ವರದಿಯ ಸ್ಥಾನ ನಿರ್ಧಾರವಾಗುವುದು ನಗುವಿನಿಂದಲ್ಲ, ತಮ್ಮ ಬದುಕು ಸೊನ್ನೆಯಿಂದ ಹತ್ತರವರೆಗಿನ ಏಣಿಯಲ್ಲಿ ಎಷ್ಟನೆಯ ಮೆಟ್ಟಿಲಲ್ಲಿದೆಯೆಂದು ಜನರು ಕೊಡುವ ಉತ್ತರದಿಂದ. ಎಂಟು ವರ್ಷದ ನನ್ನ ಮಗ ಒಬ್ಬನೇ ನಡೆದು ಶಾಲೆಗೆ ಹೋಗಿ ಬರುತ್ತಾನೆ, ಹೇಳಿದ ಸಮಯಕ್ಕೆ ಬಸ್ಸು ಬರುತ್ತದೆ. ಇಂತಹ ಸಣ್ಣ ಚಿಂತೆಗಳು ಇಲ್ಲದಿರುವುದನ್ನೇ ಇಲ್ಲಿಯವರು ನೆಮ್ಮದಿ ಎನ್ನುತ್ತಾರೆಂದು ನನಗೆ ಅನ್ನಿಸಿದೆ. ಆದರೂ ಯುಗಾದಿಯ ದಿನ ನನ್ನ ಏಣಿ ಎರಡು ಮೆಟ್ಟಿಲು ಕೆಳಗಿಳಿಯುತ್ತದೆ.

ತುಂಗಾತೀರ ಅವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಎರಡನೆಯ ಉತ್ತರವನ್ನು ನನ್ನ ಪತ್ನಿಗೆ ಓದಿ ಹೇಳಿದೆ. "ಇದನ್ನೇ ನಾನು ಹೇಳಿದ್ದು" ಎಂದಳು. ಸದ್ಯಕ್ಕೆ ಕಚೇರಿಗೆ ಹತ್ತಿರವಾಗುವ ಬೆಳ್ಳಂದೂರಿನ ಕಡೆ ಮನೆ ನೋಡುತ್ತಿದ್ದೇವೆ. ಬರುವ ಜುಲೈಯಲ್ಲಿ ಒಂದು ತಿಂಗಳು, ರಜೆ ಹಾಕದೆ, ತೀರ್ಥಹಳ್ಳಿಯಿಂದಲೇ ಕೆಲಸ ಮಾಡಲು ಅನುಮತಿ ಕೇಳಿದ್ದೇನೆ. ಔಷಧಿ ಸಿಂಪಡಿಸುವ ದಿನ ತೋಟದಲ್ಲಿ ನಾನೇ ನಿಲ್ಲುತ್ತೇನೆಂದು ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.