ಸಹಾಯ ಬೇಕು: ಡಿಸ್ಚಾರ್ಜ್ ಸಮ್ಮರಿಯಲ್ಲಿರೋ ಕೋಡ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಪ್ಪಯ್ಯನ್ನ ಶಿವಮೊಗ್ಗದ ಆಸ್ಪತ್ರೆಯಿಂದ ತೀರ್ಥಹಳ್ಳಿಗೆ ಕರ್ಕೊಂಡು ಬಂದಾಯ್ತು. ಡಿಸ್ಚಾರ್ಜ್ ಸಮ್ಮರೀಲಿ ಐ10, ಇ11.9, ಝಡ್79.4 ಅಂತಿದೆ. ಐ10 ಅಂದ್ರೆ ಬಿಪಿ, ಇ11.9 ಅಂದ್ರೆ ತೊಡಕಿಲ್ಲದ ಟೈಪ್ 2 ಶುಗರ್. ಇಷ್ಟು ಐಸಿಡಿ-10 (ಕಾಯಿಲೆಗಳಿಗೆ ಕೊಡೋ ಕೋಡ್‌ಗಳ) ಪಟ್ಟಿ ನೋಡಿ ಗೊತ್ತಾಯ್ತು. (ಬರೀ ಇ11 ಅಂತ ಹುಡುಕಿದ್ರೆ ವಾಷಿಂಗ್ ಮೆಷಿನ್ ರಿಪೇರಿ ಬರುತ್ತೆ ಮಾರಾಯ್ರೆ!)

ತಲೆಬಿಸಿ ಇರೋದು ಝಡ್79.4ರದ್ದು. ಅದು ಬಹುಕಾಲದಿಂದ ಇನ್ಸುಲಿನ್ ತಗೊಳ್ಳೋರಿಗೆ ಹಾಕೋ ಕೋಡ್. ಅಪ್ಪಯ್ಯ ಶುಗರ್‌ಗೆ ತಗೊಳ್ಳೋದು ಊಟದ ಜೊತೆ ಮೆಟ್‌ಫಾರ್ಮಿನ್ ಮಾತ್ರೆ ಅಷ್ಟೇ, ಸೂಜಿ ಕಂಡ್ರೆ ಅಂಗಳಕ್ಕೆ ಓಡೋ ಆಸಾಮಿ. ಮಾತ್ರೆಗಾದ್ರೆ ಝಡ್79.84 ಅಲ್ವಾ? ಇನ್ಶೂರೆನ್ಸ್‌ನೋರು ಇದನ್ನೇ ಹಿಡ್ಕೊಂಡು ಕ್ಲೇಮ್ ನಿಲ್ಸಿದಾರೆ.

ಮೆಡಿಕಲ್ ಕೋಡಿಂಗ್ ಕೆಲಸದಲ್ಲಿರೋರು ಯಾರಾದ್ರೂ ಇದೀರಾ? ತಿದ್ದುಪಡಿಗೆ ಡಾಕ್ಟ್ರ ಸಹಿ ಸಾಕಾ, ರೆಕಾರ್ಡ್ಸ್ ವಿಭಾಗದ ಪತ್ರಾನೂ ಬೇಕಾ? ಮಳೆಗೆ ನೆಟ್‌ವರ್ಕ್ ಸರಿಯಿಲ್ಲ, ಫೋನ್ ಬದಲು ಇಲ್ಲೇ ಮೆಸೇಜ್ ಹಾಕಿ.