ಮರ ಬಿಡಿಸೋದು ಕೈಗೆ ಹತ್ತುತ್ತಿಲ್ಲ, ನೀವೆಲ್ಲ ಹೇಗೆ ಅಭ್ಯಾಸ ಮಾಡಿದಿರಿ?

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಹವ್ಯಾಸಕ್ಕೆ ಚಿತ್ರ ಬಿಡಿಸುತ್ತೇನೆ, ಯಾರ ಹತ್ತಿರವೂ ಕಲಿತಿಲ್ಲ. ಮುಖ, ಪಾತ್ರೆ, ಕುರ್ಚಿ ಇವೆಲ್ಲ ತಕ್ಕಮಟ್ಟಿಗೆ ಬರುತ್ತವೆ. ಮರ ಮಾತ್ರ ಬರುತ್ತಿಲ್ಲ. ಕೋಲಿನ ತುದಿಗೆ ಹತ್ತಿ ಉಂಡೆ ಸಿಕ್ಕಿಸಿದ ಹಾಗೆ ಕಾಣುತ್ತದೆ. ಬಣ್ಣ ಹಾಕಿದರೆ ಎಲ್ಲ ಒಂದೇ ಹಸಿರು. ದೂರದ ಗುಡ್ಡ, ಹತ್ತಿರದ ಹುಲ್ಲು ಎರಡೂ ಒಂದೇ ದೂರದಲ್ಲಿದ್ದಂತೆ ಅನ್ನಿಸುತ್ತದೆ. ನನ್ನ ಹತ್ತಿರ ಪೆನ್ಸಿಲ್ ಮತ್ತು ವಾಟರ್ ಕಲರ್ ಇವೆ. ದಿನಕ್ಕೆ ಅರ್ಧ ಗಂಟೆ ಬಿಡುವು ಸಿಗುತ್ತದೆ. ನಿಮಗೆ ಯಾವ ಅಭ್ಯಾಸದಿಂದ ಉಪಯೋಗ ಆಯಿತು ಅಂತ ದಯವಿಟ್ಟು ಹೇಳಿ.

ಮೊದಲು ಉತ್ತರ ಕೊಟ್ಟವರು:

ನಿಮಗೆ ಮುಖ ಬಿಡಿಸೋಕೆ ಬರುತ್ತದೆ ಅಂದರೆ ಕಣ್ಣಿಗಾಗಲಿ ಕೈಗಾಗಲಿ ಏನೂ ಕೊರತೆ ಇಲ್ಲ. ಮುಖ ಬಿಡಿಸುವಾಗ ಎದುರಿಗಿರುವವರ ಮೂಗನ್ನೇ ನೋಡುತ್ತೀರಿ. ಮರ ಬಿಡಿಸುವಾಗ ನೋಡೋದನ್ನು ನಿಲ್ಲಿಸಿ, ಮರ ಅಂದ್ರೆ ಹೀಗಿರುತ್ತೆ ಅಂತ ನೆನಪಿನಿಂದ ಬಿಡಿಸುತ್ತೀರಿ. ನಾವೆಲ್ಲ ಚಿಕ್ಕಂದಿನಲ್ಲಿ ಕಲಿತ ಮರ ಅದು. ಎರಡು ಗೆರೆ, ಮೇಲೊಂದು ಗುಂಡು. ಅದು ಕೈಬಿಟ್ಟು ಹೋಗಬೇಕಾದರೆ ನನಗೆ ಗೊತ್ತಿರುವ ದಾರಿ ಒಂದೇ. ದಿನಾ ಕಣ್ಣಿಗೆ ಬೀಳುವ ಒಂದು ಮರ ಆರಿಸಿಕೊಳ್ಳಿ. ಅದು ಚಂದ ಇರಬೇಕು ಅಂತೇನಿಲ್ಲ. ಅದನ್ನೇ ಬಿಡಿಸುತ್ತಾ ಹೋಗಿ. ಬೇರೆ ಬೇರೆ ಮರಗಳ ಹಿಂದೆ ಓಡಿದರೆ ಪ್ರತಿ ಸಲವೂ ಪರಿಚಯ ಮಾಡಿಕೊಳ್ಳುವುದರಲ್ಲೇ ಅರ್ಧ ಗಂಟೆ ಮುಗಿದುಹೋಗುತ್ತದೆ. ಒಂದೇ ಮರವಾದರೆ ನಿನ್ನೆ ನೋಡಿದ್ದರ ಮುಂದಿನದನ್ನು ಇವತ್ತು ನೋಡಬಹುದು.

ಎಲೆಯನ್ನು ಸದ್ಯಕ್ಕೆ ಮರೆತುಬಿಡಿ. ಬುಡದಿಂದ ಶುರು ಮಾಡಿ. ಕಾಂಡ ನೆಲಕ್ಕೆ ಸೇರುವ ಜಾಗವನ್ನು ಹತ್ತಿರ ಹೋಗಿ ನೋಡಿ. ಕಂಬ ನೆಟ್ಟಂತೆ ನೇರವಾಗಿ ಇಳಿದಿರುವುದಿಲ್ಲ. ಬೇರು ಹೊರಡುವ ಕಡೆಯಲ್ಲೆಲ್ಲ ಅಗಲವಾಗುತ್ತದೆ. ಒಂದು ಕಡೆ ಉಬ್ಬು, ಪಕ್ಕದಲ್ಲಿ ತಗ್ಗು, ಆ ತಗ್ಗಿನಲ್ಲಿ ನೆರಳು. ಈ ಒಂದು ಜಾಗ ಸರಿ ಬಂದರೆ ಮರ ನೆಲದ ಮೇಲೆ ನಿಲ್ಲುತ್ತದೆ. ಮೇಲೆ ಎಷ್ಟೇ ಚೆನ್ನಾಗಿ ಎಲೆ ಹಾಕಿ, ಬುಡ ತಪ್ಪಿದ ಮರ ತೇಲುತ್ತಾ ಇರುತ್ತದೆ.

ಆಮೇಲೆ ಕವಲುಗಳು. ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಒಂದು ಮಾತು ಬರೆದಿಟ್ಟಿದ್ದಾನೆ. ಯಾವುದೇ ಎತ್ತರದಲ್ಲಿ ಇರುವ ಕೊಂಬೆಗಳನ್ನೆಲ್ಲ ಒಟ್ಟು ಸೇರಿಸಿದರೆ ಕೆಳಗಿನ ಕಾಂಡದಷ್ಟೇ ದಪ್ಪ ಆಗುತ್ತದೆ ಅಂತ. ಎಲ್ಲ ಮರಕ್ಕೂ ಇದು ಅಳೆದಂತೆ ಹೊಂದುವುದಿಲ್ಲ, ಆದರೆ ಚಿತ್ರ ಬಿಡಿಸುವವರಿಗೆ ಇದಕ್ಕಿಂತ ಒಳ್ಳೆ ಸೂತ್ರ ನಾನು ಕಂಡಿಲ್ಲ. ಇದರಿಂದ ಎರಡು ವಿಷಯ ಗೊತ್ತಾಗುತ್ತವೆ. ಕೊಂಬೆ ಸಣ್ಣಗಾಗುವುದು ಹೆಚ್ಚಾಗಿ ಕವಲು ಒಡೆದಾಗ. ಒಂದು ಕವಲಿನಿಂದ ಇನ್ನೊಂದು ಕವಲಿನವರೆಗೆ ಅದು ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತದೆ. ನಾವು ಬುಡದಿಂದ ತುದಿಗೆ ಚೂಪಾಗಿ ಎಳೆದುಬಿಡುತ್ತೇವೆ, ಅದಕ್ಕೇ ಅದು ಕೊಂಬೆಯ ಬದಲು ಮುಳ್ಳಿನಂತೆ ಕಾಣುತ್ತದೆ. ಎರಡನೆಯದು, 10 ಅಂಗುಲ ಅಗಲದ ಕಾಂಡ ಎರಡು ಸಮ ಕೊಂಬೆಗಳಾಗಿ ಒಡೆದರೆ ಒಂದೊಂದೂ 5 ಅಂಗುಲ ಆಗುವುದಿಲ್ಲ, ಸುಮಾರು 7 ಅಂಗುಲ ಇರುತ್ತದೆ. ಯಾಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಅಗಲ ಅಲ್ಲ, ಕಡಿದರೆ ಕಾಣುವ ದುಂಡು ಮುಖದ ವಿಸ್ತೀರ್ಣ. ನಿಮ್ಮ ಹಳೆ ಚಿತ್ರಗಳನ್ನು ತೆಗೆದು ನೋಡಿ, ಕೊಂಬೆಗಳು ತೀರಾ ಸಣಕಲು ಇರುತ್ತವೆ. ಸ್ವಲ್ಪ ದಪ್ಪ ಮಾಡಿ ನೋಡಿ, ಮರಕ್ಕೆ ತಕ್ಷಣ ವಯಸ್ಸು ಬರುತ್ತದೆ.

ಇನ್ನೊಂದು ವಿಷಯ ತಪ್ಪದೇ ಮಾಡಿ. ನಿಮ್ಮ ಕಡೆಗೇ ಚಾಚಿರುವ ಒಂದು ಕೊಂಬೆ ಹುಡುಕಿ. ಬರೀ ಎಡಕ್ಕೂ ಬಲಕ್ಕೂ ಕೊಂಬೆ ಹಾಕಿದರೆ ಮರ ಚಪ್ಪಟೆಯಾಗುತ್ತದೆ. ನಮ್ಮ ಕಡೆ ಬರುವ ಕೊಂಬೆ ಕಾಗದದ ಮೇಲೆ ತುಂಬಾ ಗಿಡ್ಡ ಕಾಣುತ್ತದೆ, ಕೆಲವೊಮ್ಮೆ ಕಾಂಡದ ಮೇಲೇ ಹಾದುಬರುತ್ತದೆ. ಬಿಡಿಸುವಾಗ ಇದು ತಪ್ಪು ಅಂತ ಮನಸ್ಸು ಹೇಳುತ್ತದೆ. ಕೇಳಬೇಡಿ, ಕಂಡಷ್ಟೇ ಉದ್ದ ಎಳೆಯಿರಿ.

ಕೊಂಬೆ ಸರಿ ಬರದಿದ್ದರೆ ಕೊಂಬೆಯನ್ನು ಬಿಟ್ಟು ನಡುವಿನ ಖಾಲಿ ಜಾಗ ಬಿಡಿಸಿ. ಕಾಂಡ ಮತ್ತು ಎರಡು ಕೊಂಬೆಗಳ ಮಧ್ಯೆ ಆಕಾಶದ ಒಂದು ತುಂಡು ಕಾಣುತ್ತದಲ್ವಾ? ಅದಕ್ಕೊಂದು ಆಕಾರ ಇದೆ. ಕೆಳಗೆ ಚೂಪು, ಬಲಕ್ಕೆ ಓರೆ, ಮೇಲೆ ಎಲೆಯಿಂದ ಕಚ್ಚಿದಂಥ ಅಂಚು. ಆ ತುಂಡಿಗೆ ಹೆಸರಿಲ್ಲ, ಹಾಗಾಗಿ ನೆನಪು ಅಡ್ಡ ಬರುವುದಿಲ್ಲ. ನಾಲ್ಕೈದು ತುಂಡು ಸರಿಯಾಗಿ ಕೂತರೆ ಕೊಂಬೆ ತಾನಾಗಿ ಸರಿಯಾಗಿರುತ್ತದೆ.

ಎಲೆಗೆ ಕೊನೆಗೆ ಬನ್ನಿ. ಕಣ್ಣು ಅರ್ಧ ಮುಚ್ಚಿ ನೋಡಿ. ಬಿಡಿ ಎಲೆಗಳು ಮಾಯವಾಗಿ ಗೊಂಚಲುಗಳು ಉಳಿಯುತ್ತವೆ. ಒಂದೊಂದು ಗೊಂಚಲಿಗೂ ಬೆಳಕು ಬೀಳುವ ಮೇಲ್ಭಾಗ ಇದೆ, ನೆರಳಿರುವ ಕೆಳಭಾಗ ಇದೆ. ಮೂರೇ ಛಾಯೆಯಲ್ಲಿ ಮುಗಿಸಿ: ಕಾಗದದ ಬಿಳಿ, ನಡುವಿನ ಬೂದು, 4ಬಿ ಅಥವಾ 6ಬಿ ಅಂತ ಬರೆದಿರುವ ಮೆತ್ತನೆಯ ಪೆನ್ಸಿಲ್‌ನ ಕಪ್ಪು. ಎಲೆ ಅಂತ ಗುರುತಾಗುವ ಗೀಟುಗಳನ್ನು ಎರಡೇ ಕಡೆ ಹಾಕಿ. ಆಕಾಶಕ್ಕೆ ತಾಗುವ ಅಂಚಿನಲ್ಲಿ, ಮತ್ತು ಬೆಳಕು ನೆರಳಿಗೆ ತಿರುಗುವ ಕಡೆ. ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಇಷ್ಟು ಮಾಡಿದರೆ ನೀವು ಹೇಳಿದ ಹತ್ತಿ ಉಂಡೆ ಒಡೆದುಹೋಗುತ್ತದೆ.

ವಾಟರ್ ಕಲರ್ ಬಳಸುವ ಇನ್ನೊಬ್ಬರು:

ಮೇಲಿನವರು ಹೇಳಿದ್ದು ಅಕ್ಷರಶಃ ನಿಜ. ನಾನು ಬಣ್ಣದ ಬಗ್ಗೆ ಮಾತ್ರ ಹೇಳುತ್ತೇನೆ.

ಟ್ಯೂಬಿನಲ್ಲಿ ಬರುವ ಹಸಿರನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಎರಡು ನೀಲಿ, ಎರಡು ಹಳದಿ, ಒಂದು ಬರ್ಂಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು) ಇದ್ದರೆ ಸಾಕು. ಅಲ್ಟ್ರಾಮರೀನ್ ನೀಲಿಗೆ ಯೆಲ್ಲೋ ಓಕರ್, ಅಂದರೆ ಮಣ್ಣಿನ ಹಳದಿ, ಬೆರೆಸಿದರೆ ಮಂಕಾದ, ಹಳೆ ಎಲೆಯ ಹಸಿರು ಬರುತ್ತದೆ. ಥೇಲೋ ನೀಲಿಗೆ ಲೆಮನ್ ಯೆಲ್ಲೋ ಬೆರೆಸಿದರೆ ಕಣ್ಣಿಗೆ ಹೊಡೆಯುವ ಚಿಗುರು ಹಸಿರು. ಅದು ಜಾಸ್ತಿ ಆಯಿತು ಅನ್ನಿಸಿದರೆ ಬರ್ಂಟ್ ಸಿಯೆನ್ನಾ ಒಂದು ಚೂರು ಸೇರಿಸಿ, ಆ ಹೊಡೆತ ತಗ್ಗುತ್ತದೆ. ಬಣ್ಣದ ಚಕ್ರದಲ್ಲಿ ಹಸಿರಿನ ಎದುರು ಬಣ್ಣ ಕೆಂಪು, ಸಿಯೆನ್ನಾದಲ್ಲಿ ಆ ಕೆಂಪಿನ ಅಂಶ ಇರುವುದರಿಂದ ಹೀಗಾಗುತ್ತದೆ. ಒಂದು ಹಾಳೆ ತುಂಬಾ ಸುಮ್ನೆ ಹಸಿರಿನ ಚೌಕಗಳನ್ನೇ ಹಾಕಿ, ಪ್ರತಿ ಚೌಕದ ಕೆಳಗೆ ಏನೇನು ಬೆರೆಸಿದಿರಿ ಅಂತ ಬರೆದಿಡಿ. ಆ ಹಾಳೆ ನನಗೆ ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಆಮೇಲೆ ನಿಮ್ಮ ಮರದ ಕೆಳಗೆ ನಿಂತು ಒಂದೇ ಎಲೆಯನ್ನು ಎರಡು ಕಡೆಯಿಂದ ನೋಡಿ. ಬೆಳಕು ಎಲೆಯ ಮೇಲೆ ಬಿದ್ದು ತಿರುಗಿ ಬಂದರೆ ಅದರಲ್ಲಿ ಆಕಾಶದ ಛಾಯೆ ಸೇರಿರುತ್ತದೆ. ಎಲೆ ನೀಲಿ ಮಿಶ್ರಿತ ಬೂದು ಹಸಿರಾಗಿ ಕಾಣುತ್ತದೆ, ನುಣುಪಾದ ಎಲೆ ಆದರೆ ಬಹುತೇಕ ಬಿಳಿ. ಅದೇ ಎಲೆಯ ಹಿಂದೆ ಸೂರ್ಯ ಇದ್ದರೆ ಬೆಳಕು ಎಲೆಯೊಳಗಿಂದ ಹಾದುಬರುತ್ತದೆ, ಆಗ ಅದು ಹೊಳೆಯುವ ಹಳದಿ ಹಸಿರು. ಒಂದೇ ಮರದಲ್ಲಿ ಒಂದೇ ಹೊತ್ತಿಗೆ ಈ ಎರಡೂ ಇರುತ್ತವೆ. ಇದನ್ನು ಒಮ್ಮೆ ಕಂಡಮೇಲೆ ಒಂದೇ ಹಸಿರು ಬಳಿಯೋಕೆ ನಿಮಗೇ ಮನಸ್ಸಾಗುವುದಿಲ್ಲ.

ದೂರ ಮತ್ತು ಹತ್ತಿರದ ಬಗ್ಗೆ. ನಮಗೂ ಗುಡ್ಡಕ್ಕೂ ನಡುವೆ ಗಾಳಿ ಇದೆ. ಅದು ಬೆಳಕನ್ನು ಚದುರಿಸುತ್ತದೆ, ನೀಲಿಯನ್ನು ಹೆಚ್ಚಾಗಿ. ಹಾಗಾಗಿ ದೂರ ಹೋದಂತೆ ಮೊದಲು ಕಳೆದುಹೋಗುವುದು ಕಪ್ಪು. ಹತ್ತಿರದ ಪೊದೆಯ ನೆರಳು ಕಡುಗಪ್ಪಾಗಿದ್ದರೆ ಗುಡ್ಡದ ಮೇಲಿನ ಕಾಡಿನ ನೆರಳು ತೆಳು ನೀಲಿ. ಅಂಚುಗಳೂ ಮೆತ್ತಗಾಗುತ್ತವೆ. ಇನ್ನೊಂದು ಲೆಕ್ಕವೂ ಇದೆ. ಸಾಮಾನ್ಯ ಹಗಲಿನಲ್ಲಿ ಆಕಾಶ ಎಲ್ಲಕ್ಕಿಂತ ತಿಳಿ. ಆಕಾಶದ ಬೆಳಕನ್ನು ನೇರ ಎದುರಿಸುವ ಬಯಲು ನೆಲ ನಂತರ, ಇಳಿಜಾರು ಅದಕ್ಕಿಂತ ಗಾಢ, ನೆಟ್ಟಗೆ ನಿಂತ ಮರ ಎಲ್ಲಕ್ಕಿಂತ ಗಾಢ. ಬಿಳಿ ಗೋಡೆ, ಹಿಮ, ಮೋಡ ಕವಿದ ಆಕಾಶ ಇದ್ದರೆ ಈ ಲೆಕ್ಕ ಬದಲಾಗುತ್ತದೆ. ಚಿತ್ರ ಚಪ್ಪಟೆ ಆಯಿತು ಅನ್ನಿಸಿದಾಗ ನಾನು ಮೊದಲು ನೋಡೋದು ಇದನ್ನೇ. ಹೆಚ್ಚಿನ ಸಲ ನೆಲ ಮತ್ತು ಮರ ಒಂದೇ ಛಾಯೆಯಲ್ಲಿ ಇರುತ್ತವೆ.

ವಾಟರ್ ಕಲರ್ ಒಣಗಿದ ಮೇಲೆ ತಿಳಿಯಾಗುತ್ತದೆ. ಒದ್ದೆ ಇದ್ದಾಗ ಸ್ವಲ್ಪ ಜಾಸ್ತಿ ಗಾಢ ಅನ್ನಿಸುವಂತೆ ಹಾಕಿ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ಇರಲಿ, ತೆಳು ಕಾಗದ ನೀರಿಗೆ ಉಬ್ಬಿ ಬಣ್ಣ ತಗ್ಗಿನಲ್ಲಿ ನಿಲ್ಲುತ್ತದೆ.

ಆಯಿಲ್ ಬಳಸುವವರೊಬ್ಬರು:

ಟ್ಯೂಬಿನ ಹಸಿರು ಬೇಡ ಅನ್ನೋದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿರಿಡಿಯನ್ ಅನ್ನೋ ನೀಲಿ ಛಾಯೆಯ ಟ್ಯೂಬ್ ಹಸಿರು ಒಳ್ಳೆ ಬಣ್ಣ, ಆದರೆ ಹಾಗೇ ಬಳಿಯುವ ಬಣ್ಣ ಅಲ್ಲ. ಓಕರ್ ಅಥವಾ ಕೆಂಪಿನ ಜೊತೆ ಬೆರೆಸಿದರೆ ಎಷ್ಟು ಬಗೆಯ ಬೂದು ಹಸಿರು ಬರುತ್ತದೆ ಅಂತ ನೋಡಬೇಕು ನೀವು.

ನಾನು ಹೇಳಬೇಕೆಂದಿದ್ದು ಬೆಳಕಿನ ಬಗ್ಗೆ. ಹೊರಗೆ ಕೂತು ಬಿಡಿಸುವಾಗ ಸೂರ್ಯ ಕಾಯುವುದಿಲ್ಲ. ಗಂಟೆಗೆ 15 ಡಿಗ್ರಿ ಸರಿಯುತ್ತದೆ. ಕೂತ ತಕ್ಷಣ ನೆರಳುಗಳ ಆಕಾರ ಗುರುತು ಹಾಕಿಕೊಳ್ಳಿ, ಆಮೇಲೆ ನೆರಳು ಎಲ್ಲಿಗೇ ಹೋಗಲಿ, ಗುರುತು ಬದಲಾಯಿಸಬೇಡಿ. ಮರದ ಬಲಗಡೆ ಬೆಳಗಿನ ನೆರಳು, ಎಡಗಡೆ ಮಧ್ಯಾಹ್ನದ ನೆರಳು ಇರುವ ಚಿತ್ರ ಎಷ್ಟು ತಿದ್ದಿದರೂ ಸರಿ ಹೋಗುವುದಿಲ್ಲ. ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ 1891ರಲ್ಲಿ ನದಿ ದಂಡೆಯ ಪಾಪ್ಲರ್ ಮರಗಳ ಸಾಲನ್ನು ಬಿಡಿಸುವಾಗ ಹಲವು ಕ್ಯಾನ್ವಾಸ್‌ಗಳನ್ನು ಜೊತೆಗಿಟ್ಟುಕೊಂಡು, ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲಾಯಿಸುತ್ತಿದ್ದ. ಆ ಮರಗಳನ್ನು ಹರಾಜು ಹಾಕಿ ಕಡಿಯುವುದು ಅಂತ ಗೊತ್ತಾದಾಗ, ಚಿತ್ರ ಮುಗಿಯುವವರೆಗೆ ನಿಲ್ಲಿಸಿರಿ ಅಂತ ಮರದ ವ್ಯಾಪಾರಿಗೆ ದುಡ್ಡು ಕೊಟ್ಟ. ಒಂದೇ ಮರಕ್ಕೆ ಅಂಟಿಕೊಳ್ಳಿ ಅಂತ ಮೇಲಿನವರು ಹೇಳಿದ್ದು ಹೊಸಬರಿಗಷ್ಟೇ ಅಲ್ಲ.

ಇನ್ನು ಮರದ ಕೆಳಗೆ ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳು. ಎಲೆಗಳ ನಡುವಿನ ಸಂದು ಯಾವ ಆಕಾರದಲ್ಲೇ ಇರಲಿ, ಚುಕ್ಕೆ ದುಂಡಗೆ ಅಥವಾ ಮೊಟ್ಟೆಯಾಕಾರದಲ್ಲಿ ಇರುತ್ತದೆ. ಸಣ್ಣ ಸಂದಿನಿಂದ ಬೀಳುವ ಒಂದೊಂದು ಚುಕ್ಕೆಯೂ ಸೂರ್ಯನ ಬಿಂಬ. ಸೂರ್ಯಗ್ರಹಣ ಆದಾಗ ಇವೇ ಚುಕ್ಕೆಗಳು ಕುಡುಗೋಲಿನ ಆಕಾರಕ್ಕೆ ತಿರುಗುತ್ತವೆ. ಹಾಗಾಗಿ ನೆಲದ ಮೇಲೆ ಚೂಪು ಚೂಪಾದ ಬಿಳಿ ಚೂರುಗಳನ್ನು ಹಾಕಬೇಡಿ. ದುಂಡು ಚುಕ್ಕೆ ಹಾಕಿ, ಒಂದರ ಮೇಲೊಂದು ಸ್ವಲ್ಪ ಹತ್ತಿರಲಿ, ಅಂಚು ಮೆತ್ತಗಿರಲಿ. ನೋಡಿದವರಿಗೆ ಅಲ್ಲಿ ಬಿಸಿಲು ಬಿದ್ದಿದೆ ಅನ್ನಿಸುತ್ತದೆ.

ಕೇಳಿದವರು ಮತ್ತೆ:

ಇಷ್ಟು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕಿಟಕಿಯಿಂದ ಕಾಣುವ ಒಂದು ಬೇವಿನ ಮರ ಆರಿಸಿಕೊಂಡಿದ್ದೇನೆ. ಎರಡು ಪ್ರಶ್ನೆ. ಕೆಲಸ ಮುಗಿಸಿ ಬರುವಷ್ಟರಲ್ಲಿ ಕತ್ತಲಾದರೆ ಫೋಟೋ ನೋಡಿ ಬಿಡಿಸಬಹುದಾ? ಇನ್ನೊಂದು, ಎಲೆಗಳ ನಡುವೆ ಆಕಾಶ ಕಾಣುವ ಸಂದುಗಳನ್ನು ವಾಟರ್ ಕಲರ್‌ನಲ್ಲಿ ಹೇಗೆ ತೋರಿಸೋದು? ನಾನು ಹಾಕಿದರೆ ಮರಕ್ಕೆ ತೂತು ಕೊರೆದಂತೆ ಕಾಣುತ್ತದೆ.

ಮೊದಲು ಉತ್ತರ ಕೊಟ್ಟವರು:

ಬೇವು ಒಳ್ಳೆ ಆಯ್ಕೆ. ಗೊಂಚಲುಗಳು ಬಿಡಿ ಬಿಡಿಯಾಗಿರುತ್ತವೆ, ಕೊಂಬೆ ಚೆನ್ನಾಗಿ ಕಾಣುತ್ತದೆ.

ಫೋಟೋ ಬಳಸಬಹುದು, ಆದರೆ ನೀವೇ ತೆಗೆದದ್ದು, ನೀವು ನಿಂತು ನೋಡಿದ ಮರದ್ದೇ ಆಗಿರಲಿ. ಬಿಸಿಲಿನ ಫೋಟೋದಲ್ಲಿ ನೆರಳೆಲ್ಲ ಒಂದೇ ಕಪ್ಪಾಗಿ ಮುಚ್ಚಿಹೋಗಿರುತ್ತದೆ, ಇಲ್ಲವೇ ಆಕಾಶ ಪೂರ್ತಿ ಬಿಳಿಯಾಗಿರುತ್ತದೆ. ಕಣ್ಣಿಗೆ ಆ ನೆರಳಿನೊಳಗೆ ನೀಲಿ, ಕಂದು, ನೆಲದಿಂದ ಮೇಲಕ್ಕೆ ಪುಟಿದ ಬೆಳಕು ಎಲ್ಲ ಕಾಣುತ್ತದೆ. ಅದಕ್ಕೆ ಬೆಳಿಗ್ಗೆ ಹೊರಡುವ ಮುಂಚೆ ಐದು ನಿಮಿಷ ಕಿಟಕಿ ಹತ್ತಿರ ನಿಂತು ಅಂಗೈಯಗಲದ ಒಂದು ಸ್ಕೆಚ್ ಮಾಡಿ. ಬರೀ ಬೆಳಕು ಮತ್ತು ನೆರಳು. ಪಕ್ಕದಲ್ಲಿ ಮಾತಿನಲ್ಲಿ ಬರೆದುಕೊಳ್ಳಿ: ನೆರಳು ನೀಲಿ, ಬುಡ ಬೆಚ್ಚಗೆ, ಎಡಗಡೆ ಅಂಚು ಕಾಣುವುದಿಲ್ಲ, ಹೀಗೆ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್ 1821 ಮತ್ತು 1822ರಲ್ಲಿ ಮೋಡಗಳನ್ನು ಅಭ್ಯಾಸ ಮಾಡುವಾಗ ಎಷ್ಟೋ ಚಿತ್ರಗಳ ಹಿಂದೆ ದಿನಾಂಕ, ಹೊತ್ತು, ಗಾಳಿ ಬೀಸಿದ ದಿಕ್ಕು ಎಲ್ಲ ಬರೆದಿಡುತ್ತಿದ್ದ. ರಾತ್ರಿ ಆ ಸ್ಕೆಚ್ ಮತ್ತು ಫೋಟೋ ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಬಿಡಿಸಿ. ಎರಡಕ್ಕೂ ಜಗಳ ಬಂದರೆ ಸ್ಕೆಚ್ ಹೇಳಿದ್ದನ್ನೇ ನಂಬಿ.

ಸಂದುಗಳ ವಿಷಯ ವಾಟರ್ ಕಲರ್‌ನವರು ಇನ್ನೂ ಚೆನ್ನಾಗಿ ಹೇಳುತ್ತಾರೆ.

ವಾಟರ್ ಕಲರ್ ಬಳಸುವವರು:

ತೂತು ಕೊರೆದಂತೆ ಕಾಣೋಕೆ ಕಾರಣ, ಸಂದಿನ ಬಣ್ಣ ಹೊರಗಿನ ಆಕಾಶದಷ್ಟೇ ತಿಳಿಯಾಗಿರುವುದು. ಸಂದಿನ ಸುತ್ತ ಸಣ್ಣ ರೆಂಬೆ, ಎಲೆಯ ತುದಿಗಳು ಇರುತ್ತವೆ. ಒಂದೊಂದಾಗಿ ಕಾಣದಿದ್ದರೂ ಎಲ್ಲ ಸೇರಿ ಆ ಬೆಳಕನ್ನು ಕುಗ್ಗಿಸುತ್ತವೆ. ಹಾಗಾಗಿ ಸಂದು ಯಾವತ್ತೂ ಬಯಲು ಆಕಾಶಕ್ಕಿಂತ ಒಂದು ಛಾಯೆ ಗಾಢ ಇರಬೇಕು. ಸಂದು ಚಿಕ್ಕದಾದಷ್ಟೂ ಇನ್ನೂ ಗಾಢ.

ವಾಟರ್ ಕಲರ್‌ನಲ್ಲಿ ಮೊದಲೇ ಯೋಚಿಸಿ ಬಿಡಬೇಕಾಗುತ್ತದೆ. ಆಕಾಶದ ತೆಳು ವಾಶ್ ಅನ್ನು, ಅಂದರೆ ನೀರು ಹೆಚ್ಚಾಗಿ ಬೆರೆಸಿದ ಬಣ್ಣವನ್ನು, ಮರದ ಜಾಗದ ಮೇಲೂ ಎಳೆದುಬಿಡಿ. ಪೂರ್ತಿ ಒಣಗಲಿ. ಕೊಂಬೆಗಳನ್ನು ಪೆನ್ಸಿಲ್‌ನಲ್ಲಿ ತೆಳ್ಳಗೆ, ತುದಿಯವರೆಗೂ ಎಳೆದುಕೊಳ್ಳಿ. ಗೊಂಚಲು ಹಾಕುವಾಗ ಬ್ರಷ್ಷನ್ನು ಮಲಗಿಸಿ, ಬಣ್ಣ ಸ್ವಲ್ಪ ಒಣಗಿದ್ದಂತೆ ಇರಲಿ, ತರಿ ಇರುವ ಕಾಗದದ ಮೇಲೆ ಸವರಿ. ಕೆಲವು ಸಂದುಗಳು ತಾವಾಗೇ ಉಳಿಯುತ್ತವೆ. ಒಣಗಿದ ಮೇಲೆ ಚಿಕ್ಕ ಸಂದುಗಳ ಮೇಲೆ ತೆಳು ಬೂದು ನೀಲಿ ಸವರಿ ಸ್ವಲ್ಪ ಕುಗ್ಗಿಸಿ. ಸಂದುಗಳು ಒಂದೇ ಗಾತ್ರ ಬೇಡ, ಒಂದೇ ಅಂತರ ಬೇಡ. ಎರಡು ಮೂರು ಕಡೆ ಗುಂಪಾಗಿ ಇರಲಿ, ಮರದ ಅಂಚಿನ ಕಡೆ ಜಾಸ್ತಿ, ನಡುವೆ ಕಡಿಮೆ. ಕೊನೆಗೆ ಸಣ್ಣ ಬ್ರಷ್ ತೆಗೆದುಕೊಂಡು ಪೆನ್ಸಿಲ್ ಗೆರೆಯ ಮೇಲೇ ಕೊಂಬೆ ಹಾಕಿ, ಆದರೆ ಸಂದು ಇರುವ ಕಡೆ ಮಾತ್ರ. ಎಲೆ ಬಂದ ಕಡೆ ನಿಲ್ಲಿಸಿ, ಮುಂದಿನ ಸಂದಿನಲ್ಲಿ ಅದೇ ಗೆರೆಯನ್ನು ಮುಂದುವರಿಸಿ.