ಅರಬ್ ದೇಶಗಳಲ್ಲಿ ಈಟಿಂಗ್ ಡಿಸಾರ್ಡರ್: ಲೆಕ್ಕ ಒಂದೊಂದು ಕಡೆ ಒಂದೊಂದು ಯಾಕೆ?

ದಾವಣಗೆರೆ_ನ್ಯೂಟ್ರಿಷನ್: ಸೆಮಿನಾರ್‌ಗೆ ಓದುತ್ತಿದ್ದೇನೆ. ಅರಬ್ ದೇಶಗಳ ಕಾಲೇಜು ಹುಡುಗಿಯರಲ್ಲಿ ಈಟಿಂಗ್ ಡಿಸಾರ್ಡರ್ (ಊಟ, ತೂಕದ ಚಿಂತೆಯಿಂದ ತಿನ್ನೋದೇ ಹದಗೆಡುವ ಮಾನಸಿಕ ಕಾಯಿಲೆ) ಒಂದು ಪೇಪರ್ ನೂರಕ್ಕೆ ಹತ್ತರೊಳಗೆ ಅನ್ನುತ್ತೆ, ಇನ್ನೊಂದು ಮೂವತ್ತರ ಮೇಲೆ. ಎರಡರಲ್ಲೂ ಬಳಸಿದ್ದು ಈಟ್-26, ಅಂದರೆ ಊಟದ ಬಗೆಗಿನ ಮನೋಭಾವ ಅಳೆಯುವ 26 ಪ್ರಶ್ನೆಗಳ ಪ್ರಶ್ನಾವಳಿಯೇ. ಯಾವುದನ್ನು ನಂಬೋದು? ಇಲ್ಲಿನ ಹಾಸ್ಟೆಲ್‌ನಲ್ಲೂ ಅದನ್ನೇ ಬಳಸಬಹುದಾ?

ಮನೋವೈದ್ಯ_ಚಿತ್ರದುರ್ಗ: ಆ ಪರ್ಸೆಂಟೇಜು ಕಾಯಿಲೆಯದ್ದಲ್ಲ. 20 ಅಥವಾ ಹೆಚ್ಚು ಅಂಕ ಬಂದರೆ ಕೂರಿಸಿ ಮಾತಾಡಿಸಬೇಕು ಅಂತ, ಅಷ್ಟೇ. ಉದಾಹರಣೆಗೆ 1000 ಹುಡುಗಿಯರಲ್ಲಿ ನಿಜವಾದ ರೋಗ 30 ಜನಕ್ಕೆ ಅಂದುಕೊಳ್ಳಿ. ಪ್ರಶ್ನಾವಳಿ ರೋಗವಿರುವ ನೂರರಲ್ಲಿ 80 ಜನರನ್ನು ಹಿಡಿಯುತ್ತೆ, ಇಲ್ಲದ ನೂರರಲ್ಲಿ 10 ಜನರನ್ನೂ ತಪ್ಪಾಗಿ ಹಿಡಿಯುತ್ತೆ ಅಂತಾದರೆ ಪಾಸಿಟಿವ್ 121, ಅದರಲ್ಲಿ ರೋಗ ಇರೋದು 24. ಸಂದರ್ಶನ ಮಾಡದ ಪೇಪರ್‌ನಲ್ಲಿ ಈ 121ರ ಲೆಕ್ಕವೇ "ಪ್ರಮಾಣ" ಆಗಿ ಅಚ್ಚಾಗುತ್ತೆ.

ಮರ್ವತ್ ನಾಸೆರ್ 1986ರಲ್ಲಿ ಪ್ರಕಟಿಸಿದ ಅಧ್ಯಯನ ತಪ್ಪದೆ ಓದಿ. ಹಳೆಯ 40 ಪ್ರಶ್ನೆಗಳ ಆವೃತ್ತಿಯಲ್ಲಿ ಲಂಡನ್‌ನಲ್ಲಿ ಓದುತ್ತಿದ್ದ ಅರಬ್ ವಿದ್ಯಾರ್ಥಿನಿಯರಲ್ಲಿ 22%, ಕೈರೋದಲ್ಲಿ 12% ಪಾಸಿಟಿವ್. ಸಂದರ್ಶನದಲ್ಲಿ ಬುಲಿಮಿಯಾ (ಮಿತಿಮೀರಿ ತಿಂದು ವಾಂತಿ ಇತ್ಯಾದಿಯಿಂದ ಹೊರಹಾಕುವ ಕಾಯಿಲೆ) ಲಂಡನ್‌ನಲ್ಲಿ 6 ಜನಕ್ಕೆ, ಕೈರೋದಲ್ಲಿ ಒಬ್ಬರಿಗೂ ಇಲ್ಲ. ಅಂಕ ಮತ್ತು ರೋಗದ ನಡುವಿನ ಅಂತರ ಇಲ್ಲಿ ಎದ್ದು ಕಾಣುತ್ತೆ.

ಡೇಟಾ_ಮೇಷ್ಟ್ರು: ಅಂಕ ಹಾಕುವಲ್ಲೇ ಹೆಚ್ಚು ಎಡವಟ್ಟು. ಪ್ರತಿ ಪ್ರಶ್ನೆಗೆ ಆರು ಉತ್ತರದ ಆಯ್ಕೆ: "ಯಾವಾಗಲೂ" 3, "ಸಾಮಾನ್ಯವಾಗಿ" 2, "ಆಗಾಗ" 1, ಉಳಿದ ಮೂರಕ್ಕೂ 0. ಎಕ್ಸೆಲ್‌ನಲ್ಲಿ 1ರಿಂದ 6 ಅಂತ ಹಾಕಿ ಕೂಡಿಸಿದರೆ ಏನೂ ತೊಂದರೆ ಇಲ್ಲದವಳಿಗೂ 26 ಬಂದು ಎಲ್ಲರೂ ಪಾಸಿಟಿವ್! "ಹೊಸ ಜಿಡ್ಡಿನ ತಿಂಡಿ ಸವಿಯಲು ಇಷ್ಟ" ಅನ್ನುವ ಒಂದೇ ಪ್ರಶ್ನೆಗೆ ಅಂಕ ಉಲ್ಟಾ. ಕನ್ನಡಕ್ಕೆ ತರುವಾಗ ಅದರಲ್ಲಿ ಬೆಣ್ಣೆದೋಸೆ ಸೇರಿಸಬೇಡಿ, ಅದು ನಮ್ಮವರಿಗೆ ಹೊಸದಲ್ಲ. ಇನ್ನೊಬ್ಬರಿಂದ ಕನ್ನಡದಿಂದ ಇಂಗ್ಲಿಷ್‌ಗೆ ವಾಪಸ್ ಅನುವಾದ ಮಾಡಿಸಿ ಮೂಲದ ಜೊತೆ ತಾಳೆ ನೋಡಿ.

ಮನೋವೈದ್ಯ_ಚಿತ್ರದುರ್ಗ: ಸರ್ವೆ ನಡೆದ ತಿಂಗಳನ್ನೂ ನೋಡಿ. "ಹಸಿದಿದ್ದರೂ ತಿನ್ನಲ್ಲ" ಅನ್ನುವ ಪ್ರಶ್ನೆಗೆ ರಂಜಾನ್‌ನಲ್ಲಿ ಸಿಗುವ ಉತ್ತರವೇ ಬೇರೆ. ಇಲ್ಲಿ ಶ್ರಾವಣದ ಉಪವಾಸಕ್ಕೂ ಅದೇ ಮಾತು. ಹಾಗಂತ ಉಪವಾಸದ ನೆಪದಲ್ಲಿ ಊಟ ಬಿಡುವವರು ಇಲ್ಲ ಅಂತಲ್ಲ. ಅದಕ್ಕೇ ಹಬ್ಬ-ವ್ರತ ಮುಗಿದ ಮೇಲೆ ಊಟ ಮೊದಲಿನಂತಾಯಿತಾ ಅಂತ ಬೇರೆಯಾಗಿ ಕೇಳಿ.

ಹಾಸ್ಟೆಲ್‌ಗೆ ಹೋಗುವ ಮೊದಲು ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಪಾಸಿಟಿವ್ ಬಂದವರನ್ನು ಯಾರು ನೋಡುತ್ತಾರೆ ಅನ್ನೋದೂ ಮೊದಲೇ ಗೊತ್ತಿರಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416 ನಂಬರ್ ಫಾರಂ ಕೆಳಗೇ ಅಚ್ಚಾಕಿಸಿ. ಪದೇಪದೇ ವಾಂತಿ ಮಾಡಿಕೊಳ್ಳುವವಳು ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟುತ್ತೆ ಅಂದರೆ ಕೌನ್ಸೆಲಿಂಗ್‌ಗೆ ಕಾಯಬೇಡಿ. ಪೊಟ್ಯಾಶಿಯಂ ಇಳಿದು ಹೃದಯ ತಾಳ ತಪ್ಪಬಹುದು. ಅವತ್ತೇ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ, ಇಸಿಜಿ ಮಾಡಿಸಿ.